ಎಸ್ಕೊ ಸಾಹೇಬರ ಪೈ ಮತ್ತು ನಮ್ಮ ಮನೆಯ ಓವನ್

ಗಂಡಸು ಮನಸ್ಸು ಮಾಡಿದರೆ ಅಡುಗೆಮನೆಯಲ್ಲಿ ಆಗದ ಕೆಲಸವೇ ಇಲ್ಲ ಎಂದು ನಾನು ಬಲವಾಗಿ ನಂಬಿದ್ದೆ. ಈ ನಂಬಿಕೆಗೆ ಆಧಾರ ಏನು ಎಂದು ಮಾತ್ರ ಕೇಳಬೇಡಿ. ನನಗೆ ಚಹಾ ಮಾಡಲು ಬರುತ್ತದೆ. ಮೊಟ್ಟೆ ಬೇಯಿಸಲು ಬರುತ್ತದೆ. ಹೆಂಡತಿ ಮಾರ್ಟಿನಾ ಹೆರಿಗೆಗೆಂದು ಊರಿಗೆ ಹೋಗಿದ್ದಾಗ ಏಳು ತಿಂಗಳು ನಾನೇ ಅನ್ನ ಬೇಯಿಸಿಕೊಂಡು, ಅದನ್ನೇ ತಿಂದು, ಬದುಕಿಯೂ ಉಳಿದವನು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವ ಬಾಣಸಿಗನ ಬಳಿ ಇದೆ?

ಆದ್ದರಿಂದ ಕಳೆದ ಜನವರಿಯಲ್ಲಿ ದುಬೈಯ ಜೆಬೆಲ್ ಅಲಿಯ ನಮ್ಮ ಆಫೀಸಿನಲ್ಲಿ, ಹದಿನೆಂಟು ಜನರ ನಡುವೆ ಎದ್ದು ನಿಂತು, ಕುರ್ಚಿಯ ಬೆನ್ನು ಹಿಡಿದುಕೊಂಡು ನಾನು ಘೋಷಿಸಿದೆ. "ಎಸ್ಕೊ ಸಾಹೇಬರ ಸೆಂಡಾಫ್‌ಗೆ ಕೇಕ್ ಬೇಡ. ಅವರ ಊರಿನ ಪೈ ನಾನು ಮಾಡಿ ತರುತ್ತೇನೆ. ನನ್ನ ಕೈಯಾರೆ!"

ಆಫೀಸಿನ ಎಲ್ಲ ಸಮಾರಂಭಗಳ ಉಸ್ತುವಾರಿ ಹರಿಣಾಕ್ಷಿಯದ್ದು. ಉಡುಪಿ ಕಡೆಯ ಹೆಂಗಸು, ಲೆಕ್ಕಪತ್ರದಲ್ಲೂ ಮಾತಿನಲ್ಲೂ ಒಂದು ಗುಲಗಂಜಿ ಹೆಚ್ಚುಕಡಿಮೆ ಮಾಡುವವಳಲ್ಲ. ಅವಳು ಕಂಪ್ಯೂಟರಿನಿಂದ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದಳು.

"ಲಿಯೋ ಸರ್, ಕೇಕಿಗೆ ಆರ್ಡರ್ ಕೊಟ್ಟಾಗಿದೆ. ಮೇಲೆ ಹಾಕ್ಲಿಕ್ಕೆ ಸಾಹೇಬ್ರ ಫೋಟೊ ಸಹ ಕಳಿಸಿದ್ದೇನೆ."

"ಕ್ಯಾನ್ಸಲ್ ಮಾಡಿ."

"ನೀವು ಮೊದಲು ಪೈ ಮಾಡಿದ್ದುಂಟಾ?"

"ಕ್ಯಾನ್ಸಲ್ ಮಾಡಿ ಹರಿಣಾಕ್ಷಿ. ಖಲಾಸ್."

ಅವಳು ನಿಟ್ಟುಸಿರು ಬಿಟ್ಟು ಬೇಕರಿಗೆ ಫೋನ್ ಮಾಡಿದಳು. ಹೀಗೆ, ಗುರುವಾರ ಸಂಜೆ ನಾಲ್ಕು ಗಂಟೆಗೆ ಒಂದು ಸೆಂಡಾಫ್, ಹದಿನೆಂಟು ಬಾಯಿ, ಮತ್ತು ಅಷ್ಟೂ ಬಾಯಿಗಳ ಸಿಹಿ ನನ್ನ ಎರಡು ಕೈಗಳ ಮೇಲೆ ಬಂದು ಕೂತವು.

ಇದೆಲ್ಲ ಬರೀ ಜಂಬಕ್ಕೆ ಮಾಡಿದ್ದಲ್ಲ. ಮುಕ್ಕಾಲು ಪಾಲು ಜಂಬ, ಒಪ್ಪಿಕೊಳ್ಳುತ್ತೇನೆ. ಉಳಿದ ಕಾಲು ಪಾಲಿನ ಕಥೆ ಬೇರೆ. ಎಸ್ಕೊ ಸಾಹೇಬರು ಫಿನ್ಲೆಂಡ್ ದೇಶದವರು, ನಮ್ಮ ಶಿಪ್ಪಿಂಗ್ ಕಂಪನಿಯ ಮ್ಯಾನೇಜರ್, ಹದಿನಾಲ್ಕು ವರ್ಷದಿಂದ ನನ್ನ ತಲೆಯ ಮೇಲಿನ ಸಾಹೇಬರು. ದಿನಕ್ಕೆ ಹತ್ತು ಮಾತು ಆಡಿದರೆ ಅದು ಅವರಿಗೆ ವಾಚಾಳಿತನ. ನನ್ನ ಅಪ್ಪ ತೀರಿಕೊಂಡ ಸುದ್ದಿ ಬಂದ ದಿನ ಬಂದರಿನಲ್ಲಿ ಎರಡು ಹಡಗು ನಿಂತಿದ್ದವು, ಕಾಗದಪತ್ರವೆಲ್ಲ ನನ್ನ ಮೇಜಿನಲ್ಲಿತ್ತು. ಸಾಹೇಬರು ನನ್ನ ಟಿಕೆಟ್ ತಾವೇ ಮಾಡಿಸಿ, ಏರ್‌ಪೋರ್ಟಿಗೆ ತಾವೇ ಕಾರಿನಲ್ಲಿ ಬಿಟ್ಟು, ವಾಪಸ್ ಹೋಗಿ ನನ್ನ ಕುರ್ಚಿಯಲ್ಲಿ ಕೂತು, ಹತ್ತು ದಿನ ನನ್ನ ಗುಮಾಸ್ತಗಿರಿಯನ್ನು ತಾವೇ ಮಾಡಿದರು. ಮರಳಿ ಬಂದಾಗ ನನ್ನ ಮೇಜು ನಾನಿದ್ದಾಗಿನದಕ್ಕಿಂತ ಚೊಕ್ಕವಾಗಿತ್ತು. ಅಂಥ ಮನುಷ್ಯ ನಿವೃತ್ತಿಯಾಗಿ ಹೊರಟಾಗ ಫೋಟೊ ಹಚ್ಚಿದ ಬೇಕರಿ ಕೇಕ್ ಕೊಟ್ಟು ಕೈತೊಳೆದುಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಪೈ ವಿಷಯ ಅವರ ಬಾಯಿಂದಲೇ ಬಂದದ್ದು. ಒಮ್ಮೆ ಯಾರೋ ಬ್ಲೂಬೆರಿ ಮಫಿನ್ ತಂದಿದ್ದರು. ಸಾಹೇಬರು ಒಂದು ಹಣ್ಣನ್ನು ಉಗುರಿನಿಂದ ಬಿಡಿಸಿ ನೋಡಿ, ಒಳಗೆಲ್ಲ ಬಿಳಿ ಎಂದು ತಟ್ಟೆಯ ಬದಿಗಿಟ್ಟರು. ಅವರ ಸಾವೊ ಸೀಮೆಯ ಕಾಡಿನಲ್ಲಿ ತಾನಾಗಿ ಬೆಳೆಯುವ ಹಣ್ಣು ಒಳಗೂ ಹೊರಗೂ ಕಡುನೇರಳೆಯಂತೆ. ನಮ್ಮ ಗುಡ್ಡದ ಕುಂಟಾಲ ಹಣ್ಣಿನ ಹಾಗೆ, ತಿಂದರೆ ನಾಲಿಗೆ ಎರಡು ದಿನ ಸಾಕ್ಷಿ ಹೇಳುತ್ತದಂತೆ. ಆ ಹಣ್ಣನ್ನು ರೈ ಎಂಬ ಕಪ್ಪು ಧಾನ್ಯದ ಹಿಟ್ಟಿನೊಳಗೆ ಮುಚ್ಚಿ ಅವರ ಅಮ್ಮ ಪೈ ಮಾಡುತ್ತಿದ್ದರಂತೆ. ಹೆಸರು ಮುಸ್ತಿಕ್ಕಾಕುಕ್ಕೊ. ಕುಕ್ಕು ಎಂದರೆ ತುಳುವಿನಲ್ಲಿ ಮಾವಿನಹಣ್ಣಲ್ಲವೇ ಎಂದು ಹರಿಣಾಕ್ಷಿ ಆಗಲೇ ತಕರಾರು ತೆಗೆದಿದ್ದಳು.

"ಅಮ್ಮ ಹೋಗಿ ಇಪ್ಪತ್ತಾರು ವರ್ಷ," ಎಂದರು ಸಾಹೇಬರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ಆಮೇಲೆ ಎಷ್ಟೋ ಕಡೆ ತಿಂದು ನೋಡಿದೆ. ಎಲ್ಲ ಸರಿ ಇರುತ್ತದೆ. ಆದರೂ ಏನೋ ಒಂದು ಕಡಿಮೆ. ಏನೆಂದು ನನಗೇ ಗೊತ್ತಾಗಿಲ್ಲ." ಅದು ಅವರ ಆ ತಿಂಗಳಿನ ಅತಿ ದೊಡ್ಡ ಭಾಷಣ. ನಾನು ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡೆ.

ಡಿಸ್ಕವರಿ ಗಾರ್ಡನ್ಸ್‌ನ ನಮ್ಮ ಮನೆಗೆ ಬಂದು ಮಾರ್ಟಿನಾಗೆ ವಿಷಯ ತಿಳಿಸಿದೆ. ಅವಳು ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಎಂಥ ರಿಪೋರ್ಟ್ ಕೈಗೆ ಬಂದರೂ ಮುಖದಲ್ಲಿ ಏನೂ ತೋರಿಸುವುದಿಲ್ಲ. ನನ್ನ ಘೋಷಣೆಯನ್ನೂ ಹಾಗೆಯೇ ಕೇಳಿಕೊಂಡಳು. ಸೆಂಡಾಫ್ ಆಗಿ ಎರಡನೆಯ ದಿನ, ಶನಿವಾರವೇ, ನಾವು ಊರಿಗೆ ಹೊರಡುವುದಿತ್ತು. ಅವಳ ಅಕ್ಕನ ಮಗಳ ಮದುವೆ, ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಮೊದಲೇ ತಲುಪಬೇಕು. ಇಂಥ ವಾರದಲ್ಲಿ ಇದು ಬೇಕಿತ್ತಾ ಎಂದು ಅವಳು ಕೇಳಿದಳು. ಬೇಕಿತ್ತು ಎಂದೆ.

"ಆಯ್ತು, ಮಾಡಿ. ಆದ್ರೆ ನಮ್ಮ ಓವನ್ ಉಂಟಲ್ಲ..."

"ಶ್!" ಎಂದೆ ನಾನು, ತುಟಿಗೆ ಬೆರಳಿಟ್ಟು. "ಗುರುವಾರದ ತನಕ ಈ ಮನೆಯಲ್ಲಿ ಯಾರೂ ನನಗೆ ಅಡುಗೆ ಹೇಳಿಕೊಡಬಾರದು. ಸಲಹೆ ಬೇಡ, ಸಹಾಯ ಬೇಡ. ಇದು ನನ್ನ ಪಣ."

ನಮ್ಮ ಮಗಳು ಫಿಯೋನಾ ಹದಿನೈದರ ಹುಡುಗಿ. ಫೋನಿನಿಂದ ಕಣ್ಣೆತ್ತದೆ, "ಡ್ಯಾಡಾ, ಗುಡ್ ಲಕ್," ಎಂದಳು. ಆ ಎರಡು ಶಬ್ದಗಳಲ್ಲಿ ಇದ್ದ ಅನುಮಾನವನ್ನು ನಾನು ಉದಾರವಾಗಿ ಕ್ಷಮಿಸಿದೆ.

ಹಣ್ಣು ಹುಡುಕುವ ದಂಡಯಾತ್ರೆ ಭಾನುವಾರ ನಡೆಯಿತು. ಮೂರು ಸೂಪರ್ ಮಾರ್ಕೆಟ್‌ಗಳಲ್ಲಿ ಒಳಗೆ ಬಿಳಿ ಇರುವ ಹಣ್ಣೇ ಸಿಕ್ಕಿತು. ಮರೀನಾದ ಒಂದು ದೊಡ್ಡ ಅಂಗಡಿಯ ಫ್ರೀಜರಿನ ತಳದಲ್ಲಿ, ಬಟಾಣಿ ಪ್ಯಾಕೆಟ್‌ಗಳ ಅಡಿಯಲ್ಲಿ, ಉತ್ತರ ದೇಶದ ಕಾಡುಹಣ್ಣು ಎಂದು ಬರೆದ ಎರಡು ಚೀಲ ಸಿಕ್ಕವು. ರೈ ಹಿಟ್ಟೂ ಅಲ್ಲೇ ಸಿಕ್ಕಿತು. ಹಣ್ಣು ಅಸಲಿಯೋ ನಕಲಿಯೋ ಎಂದು ಕಾರಿನಲ್ಲೇ ಪರೀಕ್ಷಿಸಿದೆ. ಒಂದು ತಿಂದೆ, ಅಸಲಿ. ಇನ್ನೊಂದು ತಿಂದೆ, ಅದೂ ಅಸಲಿ. ಹೀಗೆ ಅರ್ಧ ಚೀಲದಷ್ಟು ಅಸಲಿಯಾದ ಮೇಲೆ ಉಳಿದದ್ದನ್ನು ಐಸ್ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಊದ್ ಮೇಥಾದ ಇಗರ್ಜಿಗೆ ಸಂಜೆಯ ಪೂಜೆಗೆ ಹೋದೆ. ಪ್ರಸಾದಕ್ಕೆ ಬಾಯಿ ತೆರೆದಾಗ ಪಾದ್ರಿಯವರು ನನ್ನ ನೇರಳೆ ನಾಲಿಗೆಯನ್ನು ನೋಡಿ ಒಂದು ಕ್ಷಣ ಕೈ ತಡೆದರು. ಹಿಂದೆ ನಿಂತಿದ್ದ ಮಾರ್ಟಿನಾ ಕಣ್ಣು ಮುಚ್ಚಿಕೊಂಡಳು, ಭಕ್ತಿಯಿಂದಲೇ ಇರಬೇಕು.

ಬುಧವಾರ ಊಟದ ಹೊತ್ತಿಗೆ ಅವಳು ಮತ್ತೆ ಬಾಯಿ ತೆರೆದಳು. "ನಾಳೆ ನೀವು ಆ ಓವನ್..." ನಾನು ತುಟಿಗೆ ಬೆರಳಿಟ್ಟೆ. ಗುರುವಾರ ಬೆಳಿಗ್ಗೆ ಆರೂವರೆಗೆ, ಡ್ಯೂಟಿಗೆ ಹೊರಟು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಾ, ಮೂರನೆಯ ಸಲ ಅಂದಳು. "ಒಂದೇ ಒಂದು ಮಾತು ಮಾರಾಯ್ರೆ, ಓವನ್..."

"ಶ್!"

"ನಿಮ್ಮಿಷ್ಟ," ಎಂದು ಅವಳು ಲಿಫ್ಟಿನ ಕಡೆ ನಡೆದಳು. ಫಿಯೋನಾ ಶಾಲೆಯ ಬಸ್ಸು ಹತ್ತಿದಳು. ನಾನು ರಜೆ ಹಾಕಿದ್ದೆ. ಇಡೀ ಅಡುಗೆಮನೆ, ಇಡೀ ದಿನ, ಇಡೀ ಕೀರ್ತಿ ನನ್ನೊಬ್ಬನದು.

ಇಲ್ಲಿ ಓವನ್ ವಿಷಯ ಸ್ವಲ್ಪ ಹೇಳಬೇಕು. ಗಲ್ಫಿನ ನಮ್ಮ ಜನರ ಮನೆಗಳಲ್ಲಿ ನಾಲ್ಕು ಬರ್ನರಿನ ಕುಕಿಂಗ್ ರೇಂಜ್ ಇರುತ್ತದೆ, ಅದರ ಹೊಟ್ಟೆಯಲ್ಲಿ ಒಂದು ಓವನ್ ಇರುತ್ತದೆ. ಅದನ್ನು ಯಾರೂ ಹೊತ್ತಿಸುವುದಿಲ್ಲ. ಅದು ಕಾವಲಿ, ಕಡಾಯಿ, ಮುಚ್ಚಳಗಳನ್ನು ಇಡುವ ಕಪಾಟು. ನನಗಿದು ಗೊತ್ತಿಲ್ಲವೇ? ಮಾರ್ಟಿನಾ ಹೇಳಲು ಬಂದದ್ದು ಇದನ್ನೇ ಎಂದುಕೊಂಡು ಒಬ್ಬನೇ ನಕ್ಕೆ. ಬಾಗಿಲು ತೆರೆದು ಒಂದೊಂದಾಗಿ ಹೊರಗಿಟ್ಟೆ. ದೋಸೆ ಕಾವಲಿ ಎರಡು, ನೀರುದೋಸೆಯದ್ದು ಒಂದು, ಅಪ್ಪದ್ದು ಒಂದು, ಕಡಾಯಿಗಳು, ಜೋಡಿ ಇಲ್ಲದ ಮುಚ್ಚಳಗಳು, ಫಿಯೋನಾ ಯುಕೆಜಿಯಲ್ಲಿದ್ದಾಗ ಕಳೆದುಹೋಯಿತೆಂದು ಅವಳು ಬೈಸಿಕೊಂಡ ಟಿಫಿನ್ ಡಬ್ಬಿ. ಮೂಲೆಯವರೆಗೂ ಕೈಹಾಕಿ ತಡಕಾಡಿದೆ. ಖಾಲಿ! ಇಷ್ಟು ಎಚ್ಚರಿಕೆ ಯಾವ ಹೆಂಗಸಿಗೆ ಇದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಇನ್ನೂರು ಡಿಗ್ರಿಗೆ ತಿರುಗಿಸಿ, ಗ್ಯಾಸ್ ಹೊತ್ತಿಸಿದೆ. ಇಪ್ಪತ್ತು ನಿಮಿಷ ಮೊದಲೇ ಕಾಯಿಸಬೇಕು ಎಂದು ವಿಡಿಯೋದಲ್ಲಿ ಹೇಳಿದ್ದರು.

ಅಷ್ಟರಲ್ಲಿ ಹಿಟ್ಟು, ಬೆಣ್ಣೆ, ಸಕ್ಕರೆ ಕಲಸಿದೆ. ರೈ ಹಿಟ್ಟಿಗೆ ಮೈದಾದ ವಿಧೇಯತೆ ಇಲ್ಲ. ಕೈಗೆ ಅಂಟುತ್ತದೆ, ಮಣೆಗೆ ಅಂಟುತ್ತದೆ, ಪಾತ್ರೆಗೆ ಮಾತ್ರ ಅಂಟುವುದಿಲ್ಲ. ಆದರೆ ಹಿಡಿದ ಕೆಲಸ ಬಿಡುವ ವಂಶ ನಮ್ಮದಲ್ಲ. ಬೆರಳಿನಿಂದ ತಟ್ಟಿ ತಟ್ಟಿ ದುಂಡನೆಯ ಅಗಲ ತಟ್ಟೆಯಲ್ಲಿ ಕೂರಿಸಿದೆ, ಹಣ್ಣು ತುಂಬಿದೆ, ಮೇಲೊಂದು ಹಿಟ್ಟಿನ ಹೊದಿಕೆ ಎಳೆದೆ. ಆಗ ಘಮ್ಮೆಂದು ಒಂದು ಪರಿಮಳ ಬಂತು. ಸಿಹಿ ಸಿಹಿಯಾದ, ಬೆಣ್ಣೆ ಬೆಣ್ಣೆಯಾದ ಪರಿಮಳ. ಆಹಾ, ಎಂಥ ಪೈ! ಎರಡು ನಿಮಿಷ ಕಣ್ಣು ಮುಚ್ಚಿ ಆಸ್ವಾದಿಸಿದ ಮೇಲೆ ಹೊಳೆಯಿತು, ಪೈ ಇನ್ನೂ ಮೇಜಿನ ಮೇಲಿದೆ.

ಕೆಳಗೆ ನೋಡಿದೆ. ಕುಕಿಂಗ್ ರೇಂಜಿನ ಪಾದದಿಂದ ಕಂದು ಬಣ್ಣದ ಒಂದು ತೊರೆ ಹೊರಟು, ಟೈಲ್ಸಿನ ಗೆರೆ ಹಿಡಿದು ನಿಧಾನವಾಗಿ ನನ್ನ ಕಾಲಿನ ಕಡೆಗೇ ಬರುತ್ತಿತ್ತು. ಓವನ್ನಿನ ಕೆಳಗೆ ನೆಲಕ್ಕೆ ತಾಗಿದಂತೆ ಇನ್ನೊಂದು ಡ್ರಾಯರ್ ಇದೆ ಎಂಬುದು ಆ ಮನೆಯಲ್ಲಿ ಅಷ್ಟು ವರ್ಷ ಊಟ ಮಾಡಿದ ನನಗೆ ಅಂದು ಗೊತ್ತಾಯಿತು! ಗ್ಯಾಸ್ ಆರಿಸಿ, ಬಟ್ಟೆ ಸುತ್ತಿದ ಕೈಯಿಂದ ಎಳೆದೆ. ಒಳಗೆ ಚಾಕೊಲೇಟ್. ಅಂದರೆ, ಆ ಮೊದಲು ಚಾಕೊಲೇಟ್ ಆಗಿದ್ದದ್ದು.

ಗಲ್ಫಿನಲ್ಲಿರುವವರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುತ್ತೇನೆ. ದುಬೈಯಿಂದ ಊರಿಗೆ ಹೋಗುವವರು ಪಾಸ್‌ಪೋರ್ಟ್ ಮರೆತರೆ ಕ್ಷಮೆ ಉಂಟು, ಚಾಕೊಲೇಟ್ ಮರೆತರೆ ಇಲ್ಲ. ಅತ್ತೆಯವರಿಗೆ, ಅಕ್ಕಂದಿರಿಗೆ, ಅವರ ಮಕ್ಕಳಿಗೆ, ಪಕ್ಕದ ಮನೆಯವರಿಗೆ, ಮದುವೆಗೆ ಬಂದು ಚೀಲದ ಕಡೆಗೇ ನೋಡುವ ಪ್ರತಿಯೊಬ್ಬರಿಗೆ ಒಂದೊಂದು ಹಿಡಿ ಕೊಡಲೇಬೇಕು. ಮಾರ್ಟಿನಾ ನಾಲ್ಕು ತಿಂಗಳಿಂದ, ಆಫರ್ ಬಂದಾಗಲೆಲ್ಲ, ಪ್ಯಾಕೆಟ್ ಪ್ಯಾಕೆಟ್ಟಾಗಿ ಕೂಡಿಟ್ಟಿದ್ದಳು. ಡ್ರಾಯರಿನಲ್ಲಿ ಯಾಕೆ ಅಡಗಿಸಿಟ್ಟಳು? ಯಾಕೆಂದರೆ ಹೋದ ವರ್ಷ ಬೆಡ್‌ರೂಮಿನ ಕಪಾಟಿನಲ್ಲಿ ಇಟ್ಟದ್ದನ್ನು ಒಬ್ಬರು ದಿನಾ ಒಂದೊಂದು ಎಂಬ ಲೆಕ್ಕದಲ್ಲಿ ಮುಗಿಸಿದ್ದರು. ಆ ಒಬ್ಬರ ಹೆಸರು ಇಲ್ಲಿ ಮುಖ್ಯವಲ್ಲ.

ಈಗ ಆ ಡ್ರಾಯರಿನಲ್ಲಿ ಬಂಗಾರದ ಕಾಗದ, ಪ್ಲಾಸ್ಟಿಕ್ ಚೀಲ, ಬಾದಾಮಿ, ಎಲ್ಲ ಒಂದಾಗಿ ಕುದಿಯುತ್ತಿದ್ದವು. ಕರಗಿದ ಪ್ಲಾಸ್ಟಿಕ್ಕಿನ ವಾಸನೆ ಓವನ್ನಿನ ಒಳಗೆಲ್ಲ ತುಂಬಿತು. ಕಿಟಕಿ ತೆರೆದೆ, ಟವೆಲಿನಿಂದ ಗಾಳಿ ಬೀಸಿದೆ, ನೆಲ ಒರೆಸಿದೆ. ಒರೆಸಿದಷ್ಟೂ ಹರಡಿತು. ಡ್ರಾಯರನ್ನು ಹಾಗೆಯೇ ಒಳಗೆ ತಳ್ಳಿ, ಇದರ ವಿಚಾರಣೆ ಸಂಜೆ ಎಂದು ತೀರ್ಮಾನಿಸಿದೆ. ಗಂಟೆ ಹನ್ನೆರಡು. ಪೈ ಹಸಿ. ಓವನ್ ಉಪಯೋಗಕ್ಕಿಲ್ಲ. ನಾಲ್ಕು ಗಂಟೆಗೆ ಸಾಹೇಬರು, ಹದಿನೆಂಟು ಬಾಯಿ, ಮತ್ತು ನಾನೇ ರದ್ದು ಮಾಡಿಸಿದ ಕೇಕ್!

ಪಣ ಸ್ವಲ್ಪ ಸಡಿಲಿಸಿ ಮೇಲಿನ ಮಹಡಿಯ ಶಾಮಸುಂದರನ ಬಾಗಿಲು ಬಡಿದೆ. ಅವನು ಪುತ್ತೂರಿನವ, ಮನೆಯಲ್ಲೇ ಕೂತು ಕೆಲಸ ಮಾಡುವವ. ಓವನ್ ಒಂದು ಗಂಟೆ ಕೊಡು ಎಂದೆ. ಅವನು ಮರುಮಾತಿಲ್ಲದೆ ಅಡುಗೆಮನೆಗೆ ಕರೆದುಕೊಂಡು ಹೋಗಿ ಓವನ್ನಿನ ಬಾಗಿಲು ತೆರೆದು ತೋರಿಸಿದ. ಒಳಗೆ ಊರಿನ ಕುಚ್ಚಲಕ್ಕಿಯ ಮೂಟೆ, ಅದರ ಮೇಲೆ ಉಪ್ಪಿನಕಾಯಿ ಭರಣಿ.

"ತೆಗೆಯುವಾ ಅಂದ್ರೆ ಇಡ್ಲಿಕ್ಕೆ ಬೇರೆ ಜಾಗ ಇಲ್ಲ ಮಾರಾಯ," ಎಂದ ಬಹಳ ವಿಷಾದದಿಂದ.

ಮೆಟ್ಟಿಲಿಳಿಯುವಾಗ ನನ್ನ ಅಮ್ಮ ನೆನಪಾದಳು. ನಮ್ಮ ಮನೆಯಲ್ಲಿ ಓವನ್ ಎಲ್ಲಿತ್ತು? ಆದರೂ ಪ್ರತಿ ಕ್ರಿಸ್ಮಸ್ಸಿಗೆ ಅಮ್ಮ ಕೇಕ್ ಮಾಡುತ್ತಿದ್ದಳು. ದೊಡ್ಡ ಪಾತ್ರೆಯ ತಳಕ್ಕೆ ಮರಳು ಹಾಕಿ, ಅದರೊಳಗೆ ಕೇಕಿನ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಸುರಿದು ಬೇಯಿಸುತ್ತಿದ್ದಳು. ಮರಳು! ನಾನಿರುವುದು ದುಬೈಯಲ್ಲಿ. ಇಲ್ಲಿ ಬೇರೆ ಏನಕ್ಕೆ ಬರ ಬಂದರೂ ಮರಳಿಗೆ ಬಂದೀತೇ?

ಬಿರಿಯಾನಿಯ ದೊಡ್ಡ ಪಾತ್ರೆ ಹಿಡಿದು, ಏಪ್ರನ್ ಕಟ್ಟಿಕೊಂಡೇ ರಸ್ತೆಯಾಚೆಯ ಖಾಲಿ ಜಾಗಕ್ಕೆ ಓಡಿದೆ. ಮೊಣಕಾಲೂರಿ ಕೂತು, ಚಹಾದ ಲೋಟದಿಂದ ಮರುಭೂಮಿಯನ್ನು ಮೊಗೆಮೊಗೆದು ತುಂಬಿಸುತ್ತಿದ್ದಾಗ ಎದುರಿಗೆ ಎರಡು ಕಪ್ಪು ಬೂಟು ಬಂದು ನಿಂತವು. ನಮ್ಮ ಕಟ್ಟಡದ ಸೆಕ್ಯುರಿಟಿ ಮುಬೀನ. ಪ್ರತಿ ವರ್ಷ ನಮ್ಮ ಊರಿನ ಪೆಟ್ಟಿಗೆಗಳನ್ನು ಹಗ್ಗ ಕಟ್ಟಿ ಟ್ಯಾಕ್ಸಿಗೆ ಏರಿಸಿಕೊಡುವವನು ಅವನೇ. ಎಷ್ಟೋ ಹೊತ್ತು ಪಾತ್ರೆಯನ್ನೂ ನನ್ನನ್ನೂ ನೋಡಿದ.

"ಸಾಬ್, ಛುಟ್ಟಿ ಜಾ ರಹೇ ಹೋ, ಮಾಲೂಮ್ ಹೈ," ಎಂದ ಮೆತ್ತಗೆ. "ಲೇಕಿನ್ ಯೇ ಭೀ?"

ಊರಿಗೆ ಹೊರಟವನು ಕಂಬಳಿ, ಟ್ಯಾಂಗ್, ಕೊಡಲಿ ಗುರುತಿನ ನೋವಿನೆಣ್ಣೆ, ಬಾದಾಮಿ ಎಲ್ಲ ಒಯ್ಯುವುದನ್ನು ಅವನು ನೋಡಿದ್ದ. ನೆಲವನ್ನೇ ಒಯ್ಯುವವನನ್ನು ನೋಡಿದ್ದು ಅದೇ ಮೊದಲು. ವಿವರಿಸಲು ನನಗೆ ಸಮಯವಿರಲಿಲ್ಲ. ಯಲ್ಲಾ, ಹೊರಟೆ ಎಂದು ಪಾತ್ರೆ ಎತ್ತಿಕೊಂಡೆ. ಭಾರಕ್ಕೆ ಸೊಂಟ ಒಂದು ಸಲ ಕಟಕ್ ಎಂದಿತು. ಲೆಕ್ಕಿಸಲಿಲ್ಲ.

ಇನ್ನು ಮುಂದಿನದ್ದು ಯುದ್ಧ. ದೊಡ್ಡ ಬರ್ನರಿನ ಮೇಲೆ ಪಾತ್ರೆ, ಪಾತ್ರೆಯೊಳಗೆ ಮರಳು, ಮರಳಿನ ಮೇಲೆ ಪೈ, ಪೈ ಮೇಲೆ ಮುಚ್ಚಳ. ಅಮ್ಮನ ಕೆಂಡಕ್ಕೆ ಎಲ್ಲಿ ಹೋಗಲಿ? ಓವನ್ನಿನಿಂದ ಹೊರತೆಗೆದ ನಾಲ್ಕು ಕಾವಲಿಗಳು ಕೈಯಳತೆಯಲ್ಲೇ ಇದ್ದವಲ್ಲ! ಉಳಿದ ಮೂರು ಬರ್ನರಿನ ಮೇಲೆ ಮೂರು ಕಾವಲಿ ಕಾಯಿಸುವುದು, ಕಾದದ್ದನ್ನು ಮುಚ್ಚಳದ ಮೇಲಿಡುವುದು, ತಣಿದದ್ದನ್ನು ಮತ್ತೆ ಬರ್ನರಿಗೆ ಹಾಕುವುದು. ಎರಡೂವರೆ ಗಂಟೆ ಕಾಲ ನಾನು ನಾಲ್ಕು ಕಾವಲಿಗಳನ್ನು ಹೀಗೆ ಸುತ್ತು ಹಾಕಿಸಿದೆ. ಎಡಗೈಯ ಎರಡು ಬೆರಳು ಸುಟ್ಟವು, ಬಲಗೈಯ ರೋಮ ಹೋಯಿತು. ಸಾಹೇಬರು ಹತ್ತು ದಿನ ನನ್ನ ಕುರ್ಚಿಯಲ್ಲಿ ಕೂತಿದ್ದು ನೆನಪಾದಾಗಲೆಲ್ಲ ಕಾವಲಿ ಹಗುರಾಯಿತು. ಇದು ಸುಳ್ಳಲ್ಲ.

ಮೂರು ಗಂಟೆಗೆ ಮುಚ್ಚಳ ತೆಗೆದೆ. ಪೈ ಬೆಂದಿತ್ತು! ಬಿರುಕಿನಿಂದ ನೇರಳೆ ರಸ ಗುಳುಗುಳು ಎನ್ನುತ್ತಿತ್ತು. ಸಂತೋಷದ ಭರದಲ್ಲಿ ತಟ್ಟೆಯನ್ನು ಇಕ್ಕಳದಿಂದ ಎತ್ತಿದೆ, ತಟ್ಟೆಯ ಅಂಚು ಪಾತ್ರೆಯ ಬದಿಗೆ ತಾಗಿತು, ಇಕ್ಕಳ ಜಾರಿತು, ಪೈ ಧೊಪ್ಪೆಂದು ಮತ್ತೆ ಮರಳಿನಲ್ಲಿ ಕೂತಿತು. ಮರಳು ಎದ್ದಿತು. ಗೋಧಿ ಹಿಟ್ಟಿನಷ್ಟು ನುಣ್ಣಗಿನ ದುಬೈ ಮರಳು. ಒಂದು ಸಲ ಮೇಲಕ್ಕೆ ಹೋಗಿ, ಸಾವಕಾಶವಾಗಿ ಕೆಳಗಿಳಿದು, ಬಿರುಕುಗಳನ್ನು ಹುಡುಕಿಕೊಂಡು ಒಳಗೆ ಸೇರಿತು.

ಊದಿದೆ. ಬ್ರಷ್ಷಿನಿಂದ ಗುಡಿಸಿದೆ. ಫಿಯೋನಾಳ ಹೇರ್ ಡ್ರೈಯರ್ ಹಿಡಿದೆ. ಕಣ್ಣಿಗೆ ಕಾಣುವುದು ಹೋಯಿತು. ಕಾಣದ್ದರ ಮೇಲೆ ಸಕ್ಕರೆ ಪುಡಿ ಉದುರಿಸಿದೆ. ದೇವರೇ, ಹಲ್ಲಿಗೆ ಸಿಗದಿರಲಿ ಎಂದು ಹರಕೆ ಹೇಳಿಕೊಂಡು, ಪೈಯನ್ನು ಮುಂದಿನ ಸೀಟಿನಲ್ಲಿಟ್ಟು, ಸೀಟ್ ಬೆಲ್ಟ್ ಹಾಕಿ, ಆಫೀಸಿಗೆ ಹೊರಟೆ.

ನಾಲ್ಕು ಗಂಟೆಗೆ ಎಲ್ಲರೂ ಸೇರಿದ್ದರು. ಸಮೋಸ ಇತ್ತು, ಕರಕ್ ಚಹಾ ಇತ್ತು, ನಡುವೆ ಕೇಕಿನ ಜಾಗದಲ್ಲಿ ನನ್ನ ಪೈ ಇತ್ತು. ಸಾಹೇಬರು ಅದನ್ನು ನೋಡಿದವರೇ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹರಿಣಾಕ್ಷಿ ಹದಿನೆಂಟು ತುಂಡು ಮಾಡಿ ಹಂಚಿದಳು. ಎಲ್ಲರೂ ಒಟ್ಟಿಗೇ ಬಾಯಿಗೆ ಹಾಕಿಕೊಂಡರು.

ಕರ್.

ಒಬ್ಬರ ಬಾಯಿಂದಲ್ಲ, ಹದಿನೆಂಟು ಬಾಯಿಂದ. ಅಕೌಂಟ್ಸಿನ ತಿಲಕನ ದವಡೆ ಅಲ್ಲೇ ನಿಂತಿತು. ಹರಿಣಾಕ್ಷಿ ಟಿಶ್ಯೂ ಕಾಗದಕ್ಕೆ ಕೈಚಾಚಿ, ಸಭ್ಯತೆ ನೆನಪಾಗಿ ಕೈ ಹಿಂದೆಗೆದುಕೊಂಡಳು. ನಾನು ಗೋಡೆಯ ಮೇಲಿನ ಹಡಗಿನ ಕ್ಯಾಲೆಂಡರ್ ನೋಡುತ್ತಾ ನಿಂತೆ. ಸಾಹೇಬರು ಮಾತ್ರ ಅಗಿಯುತ್ತಿದ್ದರು. ನಿಧಾನವಾಗಿ, ಕಣ್ಣು ಮುಚ್ಚಿ, ಕರ್ ಕರ್ ಎಂದು. ನುಂಗಿದರು. ಇನ್ನೊಂದು ತುತ್ತು ತೆಗೆದುಕೊಂಡರು. ಅದನ್ನೂ ಅಗಿದು ನುಂಗಿ, ನನ್ನ ಕಡೆ ತಿರುಗಿದರು. ಕಣ್ಣು ಒದ್ದೆಯಾಗಿತ್ತು.

"ನಿನಗೆ ಯಾರು ಹೇಳಿದರು?" ಎಂದು ಕೇಳಿದರು.

ಕ್ಯಾಲೆಂಡರಿನಿಂದ ಕಣ್ಣು ಕಿತ್ತೆ. "ಏನು ಸರ್?"

"ನಮ್ಮ ಮನೆಯ ಹಿಂದಿನ ದಿಬ್ಬ ಪೂರ್ತಿ ಮರಳು. ಹಣ್ಣು ಅಲ್ಲೇ ಬೆಳೆಯುವುದು. ತೊಳೆದರೆ ರಸ ಹೋಗುತ್ತದೆ ಎಂದು ಅಮ್ಮ ತೊಳೆಯುತ್ತಲೇ ಇರಲಿಲ್ಲ. ಹಲ್ಲಿಗೆ ಮರಳು ಸಿಗುತ್ತಿತ್ತು, ನಾವು ಮಕ್ಕಳು ಗೊಣಗುತ್ತಿದ್ದೆವು. ಇಪ್ಪತ್ತಾರು ವರ್ಷದಿಂದ ಕಡಿಮೆಯಾಗಿದ್ದದ್ದು ಇದೇ, ಲಿಯೋ. ಇದೇ."

ಅವರು ಮೇಜು ಬಳಸಿ ಬಂದು ನನ್ನನ್ನು ಅಪ್ಪಿಕೊಂಡರು. ಹದಿನಾಲ್ಕು ವರ್ಷದಲ್ಲಿ ಕೈಕುಲುಕಿದ್ದೇ ನಾಲ್ಕು ಸಲ ಆ ಮನುಷ್ಯ! ನನ್ನ ಕಣ್ಣಲ್ಲೂ ನೀರು ಬಂತು. ಅಪ್ಪ ತೀರಿಕೊಂಡಾಗಿನ ಆ ಹತ್ತು ದಿನಕ್ಕೆ ನಾನು ಏನನ್ನಾದರೂ ಮರಳಿ ಕೊಡಲು ಸಾಧ್ಯವಾಯಿತಲ್ಲ ಎಂದು ನಿಜಕ್ಕೂ ಎದೆ ತುಂಬಿತು. ಸತ್ಯ ಹೇಳಿಬಿಡೋಣ ಎಂದು ಬಾಯಿ ತೆರೆದೆ. ತೆರೆದ ಬಾಯಿಂದ ಹೊರಬಂದದ್ದು ಮಾತ್ರ ಬೇರೆ. "ತುಂಬಾ ರಿಸರ್ಚ್ ಮಾಡಿದೆ ಸರ್."

ಸಾಹೇಬರ ಮಾತು ಕೇಳಿದ ಮೇಲೆ ಯಾರಿಗೂ ಉಗಿಯುವ ಧೈರ್ಯ ಬರಲಿಲ್ಲ. ಹದಿನೇಳು ಜನ ಶ್ರದ್ಧೆಯಿಂದ ಕರ್ ಕರ್ ಎಂದು ತಿಂದು ಮುಗಿಸಿದರು. ಹರಿಣಾಕ್ಷಿ ಹತ್ತಿರ ಬಂದು, "ಸರ್, ಪೈ ಒಳ್ಳೆದುಂಟು," ಎಂದು ಪಿಸುಗುಟ್ಟಿದಳು. "ಮುಂದಿನ ಸೆಂಡಾಫ್‌ಗೆ ಕೇಕೇ ತರ್ಸುವ, ಆಯ್ತಾ?"

ಹೊರಡುವ ಮೊದಲು ಸಾಹೇಬರು ಇನ್ನೊಂದು ಘೋಷಣೆ ಮಾಡಿದರು. ಭಾನುವಾರ ಅವರು ಮನೆ ಖಾಲಿ ಮಾಡುತ್ತಾರೆ, ಅವರ ದೊಡ್ಡ ಎಲೆಕ್ಟ್ರಿಕ್ ಓವನ್ ನಾಳೆಯೇ ಲಿಯೋಗೆ. ಇಂಥ ಕೈಗೆ ಒಳ್ಳೆಯ ಓವನ್ ಇರಬೇಕು ಎಂದರು. ಆ ಪೈ ಯಾವ ಓವನ್ನನ್ನೂ ಕಂಡಿಲ್ಲ ಎಂದು ಹೇಳಲು ನನಗೆ ಮತ್ತೊಮ್ಮೆ ಅವಕಾಶ ಸಿಕ್ಕಿತ್ತು. ಮತ್ತೊಮ್ಮೆ ಹೇಳಲಿಲ್ಲ.

ವಿಜಯೋತ್ಸಾಹದಲ್ಲಿ ಮನೆ ಬಾಗಿಲು ತೆರೆದೆ. ಮಾರ್ಟಿನಾ ಅಡುಗೆಮನೆಯ ನೆಲದ ಮೇಲೆ, ಹೊರಗೆಳೆದ ಡ್ರಾಯರಿನ ಮುಂದೆ, ಯೂನಿಫಾರ್ಮಿನಲ್ಲೇ ಕೂತಿದ್ದಳು. ಡ್ರಾಯರಿನಲ್ಲಿದ್ದದ್ದು ತಣಿದು ಒಂದೇ ಹಾಸುಗಲ್ಲಾಗಿತ್ತು. ಅಲ್ಲಲ್ಲಿ ಬಂಗಾರದ ಕಾಗದ ಮಿನುಗುತ್ತಿತ್ತು.

"ಪೈ ಆಯ್ತಾ?" ಎಂದು ಕೇಳಿದಳು. ಆ ರಿಪೋರ್ಟ್ ನೋಡುವ ಮುಖದಲ್ಲೇ.

"ಆಯಿತು. ಸಾಹೇಬರು ಅತ್ತುಬಿಟ್ಟರು, ಗೊತ್ತಾ?"

"ಶನಿವಾರ ನನ್ನ ಅಕ್ಕನ ಮಕ್ಕಳೂ ಅಳ್ತಾರೆ."

"ಮೊದಲೇ ಹೇಳಬಾರದಿತ್ತಾ ಮಾರ್ಟಿನಾ?"

ಅವಳು ತೋರುಬೆರಳನ್ನು ತುಟಿಗಿಟ್ಟು ತೋರಿಸಿದಳು. ಒಂದು ಸಲ, ಎರಡು ಸಲ, ಮೂರು ಸಲ. ಆಮೇಲೆ, ಕೆಳಗೆ ಮುಬೀನ ಸಿಕ್ಕಿದ್ದನೆಂದೂ, ಸಾಬ್ ಊರಿಗೆ ಮರಳು ಒಯ್ಯುತ್ತಿದ್ದಾರೆ, ಲಗೇಜ್ ತೂಕ ಹೆಚ್ಚಾಗಬಹುದು ಎಂದು ಎಚ್ಚರಿಸಿದನೆಂದೂ ತಿಳಿಸಿದಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಅಂದು ರಾತ್ರಿ ಊಟಕ್ಕೆ ಮೊದಲು ನಾನು ಉಳಿಯಿಂದ ಡ್ರಾಯರ್ ಕೆತ್ತಿದೆ. ಶುಕ್ರವಾರ ಮಧ್ಯಾಹ್ನ ಆಫೀಸ್ ಮುಗಿದದ್ದೇ ಅಂಗಡಿ ಅಂಗಡಿ ಸುತ್ತಿ, ಅವಳು ಬರೆದುಕೊಟ್ಟ ಪಟ್ಟಿಯ ಪ್ರಕಾರ, ನಾಲ್ಕು ತಿಂಗಳ ಚಾಕೊಲೇಟನ್ನು ನಾಲ್ಕು ಗಂಟೆಯಲ್ಲಿ ತಂದೆ. ಆಫರ್ ಎಲ್ಲೂ ಇರಲಿಲ್ಲ.

ಮನೆಗೆ ಬಂದಾಗ ಪಿಕಪ್ಪಿನಲ್ಲಿ ಸಾಹೇಬರ ಓವನ್ ಬಂದಿಳಿದಿತ್ತು. ಎಂಥ ಓವನ್! ಕಪ್ಪು ಗಾಜಿನ ಬಾಗಿಲು, ಸಾಲು ಸಾಲು ಗುಂಡಿ, ಒಳಗೆ ದೀಪ. ಊರಿನಿಂದ ಬಂದ ಮೇಲೆ ಇದರಲ್ಲಿ ಏನೇನು ಮಾಡಬಹುದು ಎಂದು ನಾನು ಮನಸ್ಸಿನಲ್ಲೇ ಪಟ್ಟಿ ಶುರು ಮಾಡಿದೆ. ಮಾರ್ಟಿನಾ ಅದರ ಬಾಗಿಲು ತೆರೆದು ಒಳಗೆ ಇಣುಕಿದಳು. ಗೇಣಿನಿಂದ ಉದ್ದ ಅಳೆದಳು, ಅಗಲ ಅಳೆದಳು. ಅವಳ ಮುಖದಲ್ಲಿ ಎರಡು ದಿನದ ಮೇಲೆ ಮೊದಲ ಸಲ ನಗು ಕಂಡಿತು.

"ಒಳ್ಳೆ ದೊಡ್ಡದುಂಟು," ಎಂದಳು. ಬಿರಿಯಾನಿ ಪಾತ್ರೆ ಒಳಗೆ ಹೋಯಿತು. ಅದರ ಪಕ್ಕ ನಾಲ್ಕು ಕಾವಲಿ. ಮೇಲಿನ ಅಂತಸ್ತಿನಲ್ಲಿ ನಾನು ತಂದ ಚಾಕೊಲೇಟ್ ಚೀಲಗಳು. ಬಾಗಿಲು ಮುಚ್ಚಿ, ಪ್ಲಗ್ ಸಿಕ್ಕಿಸಿ, ಸಾಹೇಬರು ಕೊಟ್ಟಿದ್ದ ಕೈಪಿಡಿಯನ್ನು ಬೆಳಕಿಗೆ ಹಿಡಿದು ಓದಿ, ಒಂದು ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದಳು. ಓವನ್ ಟಿಣ್ ಎಂದಿತು. ಗಾಜಿನ ಮೇಲೆ ಬೀಗದ ಗುರುತು ಬೆಳಗಿತು.

ಫಿಯೋನಾ ಕೈಪಿಡಿಯತ್ತ ಬಗ್ಗಿ ನೋಡಿದಳು. "ಚೈಲ್ಡ್ ಲಾಕ್? ಮಮ್ಮಾ, ಐ ಆಮ್ ಫಿಫ್ಟೀನ್!"

"ನಿನಗಲ್ಲ ಮಗಾ," ಎಂದಳು ಮಾರ್ಟಿನಾ, ನನ್ನ ಕಡೆ ನೋಡುತ್ತಾ.